ಷರಾ

ನಮ್ಮ ಐಸಿಯು ರಿಜಿಸ್ಟರಿನ ಕೊನೆಯ ಕಾಲಂ
ಹೆಬ್ಬೆರಳಷ್ಟು ಅಗಲ. ಮೇಲೆ ಬರೆದಿದೆ: ಷರಾ.
ಅದರೊಳಗೆ ಹಿಡಿಯುವುದು ಮೂರೇ ಮಾತು,
ಗುಣಮುಖ, ವರ್ಗಾವಣೆ, ಮರಣ.

ಬಂದೇನವಾಜ್ ಬಂದದ್ದು ಮೇ ತಿಂಗಳ ನಡುಮಧ್ಯಾಹ್ನ,
ಕಲಬುರಗಿಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತು.
ಸೇಡಂ ರಸ್ತೆಯ ಹೊಸ ಮನೆಯೊಂದರಲ್ಲಿ
ಶಹಾಬಾದಿ ಕಲ್ಲಿನ ನೆಲ ತೊಳೆಯುತ್ತಿದ್ದನಂತೆ.
ಸಿಮೆಂಟಿನ ಕಲೆ ತೆಗೆಯುವ ಆಸಿಡ್ಡು
ನೀರಿನ ಬಾಟಲಿಯಲ್ಲಿತ್ತು.
ನೀರೂ ನೀರಿನ ಬಾಟಲಿಯಲ್ಲೇ ಇತ್ತು.
ಎರಡಕ್ಕೂ ಅದೇ ನೀಲಿ ಮುಚ್ಚಳ.

"ಒಂದ ಗುಟುಕ್ರೀ ಸಿಸ್ಟರ್, ಒಂದs ಗುಟುಕು"
ಎಂದು ಮಹಬೂಬಿ ಬೆರಳೆತ್ತಿ ತೋರಿಸುತ್ತಿದ್ದಳು,
ಕಡಿಮೆ ಅಂದರೆ ಕಡಿಮೆ ಆದೀತೇನೋ ಎಂಬಂತೆ.

ಗಂಟಲು ಊದಿ ಉಸಿರಿನ ದಾರಿ ಮುಚ್ಚುವ ಮೊದಲೇ
ನಳಿಕೆ ಇಳಿಸಿದರು. ಆಮೇಲೆ ದುರ್ಬೀನು.
ಡಾಕ್ಟರು ಪರದೆ ನೋಡಿ ಮೆಲ್ಲಗೆ ಒಂದು ಅಂಕಿ ಹೇಳಿದರು,
ಬರೆದುಕೊಂಡೆ.
ಕೆಂಪಿದ್ದರೆ ಆಸೆ. ಕಪ್ಪಿದ್ದರೆ ಕಾಯುವುದು.
ಅವನ ಅನ್ನನಾಳ ಅಲ್ಲಿ ಕೆಂಪು, ಇಲ್ಲಿ ಕಪ್ಪು,
ಎರೆ ಮಸಾರಿ ಕೂಡಿದ ಹೊಲದ ಹಾಗೆ.

ಪಕ್ಕದ ಮಂಚದಲ್ಲಿ ಆಳಂದ ಕಡೆಯ ಹೆಣ್ಣುಮಗಳು.
ಅವಳದೂ ತಪ್ಪಿ ಕುಡಿದದ್ದು ಎಂದು
ಜೊತೆಗೆ ಬಂದ ಮೂವರೂ ಒಂದೇ ಉಸಿರಿನಲ್ಲಿ ಹೇಳಿದರು.
ನಾನು ಮರುಪ್ರಶ್ನೆ ಕೇಳಲಿಲ್ಲ. ಕೈ ಹಿಡಿದೆ.
ಅವಳು ಒಮ್ಮೆ ಬಿಗಿಯಾಗಿ ತಿರುಗಿ ಹಿಡಿದಳು,
ಎಲ್ಲಿ ಬರೆಯಲಿ ಅದನ್ನು?
ಒಂಬತ್ತನೆಯ ದಿನ ನಸುಕಿನಲ್ಲಿ
ಅವಳ ಷರಾ ಬರೆದೆ. ಮೂರಕ್ಷರ.
ಎರಡನೆಯದಕ್ಕೆ ಪೆನ್ನು ನಿಂತಿತು,
ಇನ್ನೊಂದು ಪೆನ್ನು ತಂದು ಮುಗಿಸಿದೆ.

ಅಂದು ಡ್ಯೂಟಿ ಮುಗಿಸಿ ಮನೆಗೆ ಹೋದವಳೇ
ಬಚ್ಚಲಿನ ಬಾಟಲಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ
ಮಾರ್ಕರಿನಲ್ಲಿ ದಪ್ಪಗೆ ಬರೆದೆ: ವಿಷ. ವಿಷ. ವಿಷ.
"ಎಣ್ಣಿ ಬಾಟ್ಲಿಗೂ ಬರದೀಯಲ್ಲ" ಎಂದು ಗಂಡ ನಕ್ಕ.
ಅಳಿಸಲಿಲ್ಲ. ಇನ್ನೂ ಹಾಗೇ ಇದೆ.

ಬಂದೇನವಾಜ್ ಇಪ್ಪತ್ತಾರನೆಯ ದಿನ ಹೊರಟ.
ಹೊಟ್ಟೆಯ ಎಡಮಗ್ಗುಲಲ್ಲಿ ಸಣ್ಣ ತೂತು,
ಅದಕ್ಕೊಂದು ರಬ್ಬರಿನ ನಳಿಕೆ.
ಗಂಜಿ, ಬೇಳೆಕಟ್ಟು, ಹಾಲು, ಎಲ್ಲ ಸಿರಿಂಜಿನಲ್ಲಿ.
ನಳಿಕೆ ಕಟ್ಟಿಕೊಂಡರೆ ಏನು ಮಾಡಬೇಕೆಂದು
ಮಹಬೂಬಿಗೆ ಮೂರು ಸಲ ಹೇಳಿಕೊಟ್ಟೆ.
ನಾಲ್ಕನೆಯ ಸಲ ಅವಳೇ ನನಗೆ ಹೇಳಿದಳು.
ಷರಾ: ಗುಣಮುಖ.
ಮುಖಕ್ಕೆ ಏನೂ ಆಗಿರಲಿಲ್ಲ, ಅದು ನಿಜ.

ಆಮೇಲೆ ತಿಂಗಳಿಗೆ ಎರಡು ಸಲ ಬರುತ್ತಿದ್ದ,
ಬಿಗಿದ ಗಂಟಲು ಹಿಗ್ಗಿಸಿಕೊಳ್ಳಲು.
ಹಿಗ್ಗಿಸಿದಷ್ಟೂ ಅದು ಮತ್ತೆ ಬಿಗಿಯುತ್ತಿತ್ತು.
ಗಾಯ ಮಾಯುವುದು ಅಂದರೇ ಬಿಗಿಯುವುದು ಎಂದು
ಹತ್ತೊಂಬತ್ತು ವರ್ಷ ಡ್ರೆಸ್ಸಿಂಗ್ ಮಾಡಿಯೂ
ನನಗೆ ಹೊಳೆದಿರಲಿಲ್ಲ.

ಒಮ್ಮೆ ಊಟದ ಹೊತ್ತಿಗೆ ವರಾಂಡದಲ್ಲಿ ಕಂಡೆ.
ಮಹಬೂಬಿ ಗಂಟು ಬಿಚ್ಚಿದ್ದಳು:
ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.
ಅವನು ಒಂದು ತುತ್ತು ಮುರಿದು ಬಾಯಿಗಿಟ್ಟು
ಕಣ್ಣು ಮುಚ್ಚಿ ಅಗಿದ. ಬಹಳ ಹೊತ್ತು ಅಗಿದ.
ಆಮೇಲೆ ಅವಳು ಒಡ್ಡಿದ ವಾಟಗದಲ್ಲಿ ಉಗುಳಿದ.
ಇನ್ನೊಂದು ತುತ್ತು.
ವಾಟಗ ಅವಳ ಕೈಯಲ್ಲಿ ಹೂಬುಟ್ಟಿಯಷ್ಟು ಸಲೀಸಾಗಿತ್ತು.

"ಹಿಂಡ್ಯಾಗ ಉಪ್ಪ ಜಾಸ್ತಿ ಆಗ್ಯಾದ" ಅಂದ,
ಒಡೆದ ದನಿಯಲ್ಲಿ.
"ಎಲ್ಲಿ ಆಗ್ಯಾದ? ಸರಿ ಅದ!"
ಅವಳು ಜಗಳಕ್ಕೇ ನಿಂತಳು.
ಆ ವರಾಂಡದಲ್ಲಿ ಅಂಥ ಜಗಳ ನಾನು ಕೇಳಿರಲಿಲ್ಲ,
ಮನೆಯ ಜಗಳ.
"ಸುವಾರ್ತಾ ಸಿಸ್ಟರ್, ನೀವs ಹೇಳ್ರಿ" ಎಂದು
ತುತ್ತು ಮಾಡಿ ನನ್ನ ಕಡೆ ಚಾಚಿದಳು.

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.
ಅಗಿದೆ. ನುಂಗಿದೆ.
ಅದು ಇಳಿಯುವುದು ಎದೆಯವರೆಗೂ ಗೊತ್ತಾಯಿತು.

ಉಪ್ಪು ತುಸು ಹೆಚ್ಚೇ ಇತ್ತು.